ಮೂಗಿಗೆ ಬಂದ ನೇರಳೆ

ಪ್ರೀತಿಯ ದೊಡ್ಡಮ್ಮ,

ಎಮ್ಮೆದೊಡ್ಡಿ ಪಕ್ಕ ಗೆಳತಿ ಅಶ್ವಿನಿಯ ದ್ರಾಕ್ಷಿ ತೋಟದಲ್ಲಿದ್ದೇನೆ. ಇಲ್ಲಿ ವೈನ್ ಮಾಡುತ್ತಾರೆ. ಬೈಯಬೇಡಿ, ನಾನು ಕುಡಿದಿಲ್ಲ. ಮೊದಲ ಪಾಠವೇ ಮೂಸುವುದು. ಗ್ಲಾಸಿನ ಕಾಲು ಹಿಡಿದು ಮೆಲ್ಲಗೆ ತಿರುಗಿಸಿದರೆ ಪರಿಮಳ ಮೇಲೇಳುತ್ತದಂತೆ.

"ಆ ಜ್ವರ ಬಂದಾಗಿನಿಂದ ನನಗೆ ವಾಸನೆಯೇ ತಿಳಿಯಲ್ಲ" ಅಂದೆ.

"ಕಣ್ಮುಚ್ಕೊಂಡು ಮೂಸು ಕಣೇ, ನಿಂದೇನ್ ಹೋಯ್ತು?" ಅಂದಳು.

ಮೂಸಿದೆ. ಏನೂ ಇಲ್ಲ. ಇನ್ನೊಮ್ಮೆ ತಿರುಗಿಸಿ ಮೂಸಿದಾಗ, ಎಲ್ಲೋ ಬಹಳ ದೂರದಿಂದ ಬಂದಂತೆ ನೇರಳೆ ಹಣ್ಣಿನ ವಾಸನೆ ಸುಳಿಯಿತು! ಅಳು ತಡೆಯಲಾಗದೆ ಹೊರಗೆ ಓಡಿದೆ. ಕಾವಲಿನ ಹುಲ್ಲುಗಾವಲಲ್ಲಿ ಮೇಯ್ದ ದನಗಳು ಸಂಜೆಯ ಧೂಳಿನಲ್ಲಿ ತೇಲಿದಂತೆ ಬರುತ್ತಿದ್ದವು. ಅವುಗಳ ಮೈವಾಸನೆಯನ್ನೂ ನಿಂತು ಕುಡಿದೆ.

ಕಡೂರಿನ ಬಸ್ಸು ಬಂತು, ಇಲ್ಲಿಗೆ ನಿಲ್ಲಿಸುತ್ತೇನೆ. ಮೂಗಿನ ಔಷಧಿ ಇನ್ನು ಕಳಿಸಬೇಡಿ.

ನಿಮ್ಮ ಸಂಹಿತಾ