ಮುಸ್ಕಾನಳ ಬೆವರು

ದಾವಣಗೆರೆ
12-8-1999

ಮುಸ್ಕಾನಳ ಅಬ್ಬಾ ಅವರಿಗೆ ಜರೀನಾಳ ಸಲಾಮ್.

ಈ ಕಾಗದವನ್ನು ಕೊಟ್ಟೂರು ಬಸ್ಸಿನ ಕಂಡಕ್ಟರನ ಕೈಯಲ್ಲಿ ನಿಮ್ಮ ಅಣ್ಣನ ಗ್ಯಾರೇಜಿಗೆ ಕಳಿಸುತ್ತಿದ್ದೇನೆ. ನನ್ನ ಅಕ್ಷರ ಕಂಡು ಹರಿದುಹಾಕಬೇಡಿ. ಮಗಳು ಆಸ್ಪತ್ರೆಯಲ್ಲಿದ್ದಾಳೆ.

ಅವಳ ಕಣ್ಣಿನ ಸುತ್ತ ಕಪ್ಪುಗಟ್ಟಿದ್ದು ಏಟಿನಿಂದ ಅಲ್ಲವಂತೆ. ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ನರದ ಗೆಡ್ಡೆ ಬೆಳೆದು, ಕಣ್ಣಿನ ಹಿಂದಿನ ಎಲುಬಿಗೂ ಹರಡಿದೆ. ನಾವು ಹೆದರಿದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ರಸ ಆ ಗ್ರಂಥಿಯಲ್ಲೇ ಹುಟ್ಟುತ್ತದಂತೆ. ಗೆಡ್ಡೆಯೂ ಅದನ್ನೇ ಸುರಿಸುತ್ತಿದೆ. ಹಾಗಾಗಿ ಹೆದರಿಕೆ ಇಲ್ಲದಿದ್ದರೂ ಮಗು ಬೆವರುತ್ತದೆ. ಡಾಕ್ಟರಮ್ಮ ಇದನ್ನು ಹೇಳುವಾಗ ನಾನು ತಲೆ ಎತ್ತಲಿಲ್ಲ.

ನೀವು ಹೊಡೆದಿರೆಂದು ನಾನು ದೂರಿದಾಗ, ನಿಮಗೆ ಹೆದರುತ್ತಾಳೋ ಎಂದು ಜಮಾತಿನ ಹಿರಿಯರು ಅವಳನ್ನು ನಿಮ್ಮ ತೊಡೆಯ ಮೇಲೆ ಕೂರಿಸಿ ನೋಡಿದರಲ್ಲ. ಬೆವೆತು ಒದ್ದೆಯಾದಳು, ಎದೆ ಡವಡವ ಅನ್ನುತ್ತಿತ್ತು. ಮಗುವಿನ ಎದೆ ಸುಳ್ಳು ಹೇಳುತ್ತದೆಯೇ ಎಂದು ಕೂಗಾಡಿದವಳು ನಾನೇ. ಇನ್ನು ಮಗುವಿನ ಹತ್ತಿರ ಸುಳಿಯಬೇಡ ಎಂದು ಹಿರಿಯರು ನಿಮಗೆ ಹೇಳಿದರು. "ನಾ ಹೊಡದಿಲ್ಲ, ಜರೀನಾ. ಆಕಿಗೆ ಏನೋ ಆಗೈತಿ, ದವಾಖಾನಿಗೆ ತೋರ್ಸು" ಅಂದು ಎದ್ದು ಹೋದಿರಿ. ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಒಂದು ಮನೆ ಬಿಡದೆ ನಿಮ್ಮ ಮೇಲೆ ದೂರು ಹೇಳಿಕೊಂಡು ಬಂದೆ. ದವಾಖಾನೆಗೆ ಹೋಗಲು ಮಾತ್ರ ಎರಡು ತಿಂಗಳು ಕಾಲು ಬರಲಿಲ್ಲ.

ನಮ್ಮ ಜಗಳದ ಹೆದರಿಕೆಯೇ ಗೆಡ್ಡೆಯನ್ನು ಬೆಳೆಸಿತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಆ ರಸಕ್ಕೂ ಗೆಡ್ಡೆ ಬೆಳೆಯುವುದಕ್ಕೂ ಏನು ನಂಟು ಎಂದು ಇನ್ನೂ ಹುಡುಕುತ್ತಿದ್ದಾರಂತೆ. ಇಲ್ಲ ಅಂದುಬಿಟ್ಟಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಸೋಮವಾರದಿಂದ ಗೆಡ್ಡೆ ಕರಗಲು ಸೂಜಿಯಲ್ಲಿ ಔಷಧಿ ಏರಿಸುತ್ತಾರೆ. ಉಳಿಯುತ್ತಾಳೆಂದು ಯಾರೂ ಮಾತು ಕೊಡುತ್ತಿಲ್ಲ. ಅಬ್ಬಾ ಎಲ್ಲಿ ಎಂದು ಕೇಳುತ್ತಲೇ ಇರುತ್ತಾಳೆ, ಕೆಲಸಕ್ಕೆ ಹೋಗಿದ್ದಾರೆ ಅನ್ನುತ್ತೇನೆ. ಗ್ರೀಸ್ ಮೆತ್ತಿದ ನಿಮ್ಮ ಹಳೆ ಅಂಗಿ ತಲೆಯ ಕೆಳಗಿಟ್ಟರೆ ಮಲಗುತ್ತಾಳೆ. ಅದನ್ನು ನೋಡಿದಾಗಲೆಲ್ಲ ನಾಚಿಕೆಯಿಂದ ಕುಗ್ಗುತ್ತೇನೆ. ನೀವು ನನ್ನ ಮುಖ ನೋಡಬೇಕಾಗಿಲ್ಲ, ನಾನು ವರಾಂಡದಲ್ಲಿ ಕೂರುತ್ತೇನೆ. ಸೋಮವಾರದೊಳಗೆ ಬನ್ನಿ.

ನಿಮ್ಮವಳು ಎಂದು ಬರೆಯಲು ಧೈರ್ಯ ಸಾಲದ
ಜರೀನಾ

ತಾ.ಕ.: ಹಿರಿಯರ ಮುಂದೆ ಹೋಗುವ ದಿನ ಬೆಳಿಗ್ಗೆ ಅವಳು ನನ್ನ ತೊಡೆಯ ಮೇಲೂ ಹಾಗೆಯೇ ಬೆವೆತಿದ್ದಳು. ಸೆರಗಿನಿಂದ ಒರೆಸಿ, ಫ್ರಾಕು ಬದಲಿಸಿ ಕರೆತಂದೆ. ಅಲ್ಲಿ ಅದನ್ನು ಬಾಯಿಬಿಡಲಿಲ್ಲ. ಮೊದಲು ಮಗಳನ್ನು ನೋಡಿ, ಆಮೇಲೆ ಈ ಕಾಗದವನ್ನು ಹಿರಿಯರ ಮುಂದೆ ಓದಿಸಿ.