ಚಳ್ಳಕೆರೆಯ ವೇದಿಕೆಯಲ್ಲಿ ಸೋಬಾನೆ

ಓಬಕ್ಕಾ,

ಇವತ್ತು ಚಳ್ಳಕೆರೆಯಲ್ಲಿ ಮಹಿಳಾ ದಿನಾಚರಣೆ ಇತ್ತು. ಗೋಡೆ ತುಂಬ ಹುಡುಗಿಯರು ಬರೆದ ಚಿತ್ರಗಳು, ಎದುರಿಗೆ ವೇದಿಕೆ. ಸೋಬಾನೆ ಹಾಡಲು ನನ್ನನ್ನೂ ಕರೆದಿದ್ದರು. ನಿನ್ನನ್ನು ಮಣ್ಣು ಮಾಡಿದ ಮೇಲೆ ನಾನು ಹಾಡಿದ್ದು ಇದೇ ಮೊದಲು.

ಹಸೆಗೆ ಕರೆಯುವ ಹಾಡು ಎತ್ತಿದೆ. ಒಂದು ಸಾಲು ಹಾಡಿ ಸುಮ್ಮನೆ ನಿಂತೆ. ಮೊಳಕಾಲ್ಮೂರು ಕಡೆಯ ಮದುವೆ ಮನೆಗಳಲ್ಲಿ ನಾವು ವಾರಗಿತ್ತಿಯರು ಹಾಡುವಾಗ, ನಾನು ಹೇಳಿದ್ದನ್ನು ನೀನು ತಿರುಗಿ ಹಾಡದೆ ನಾನೆಂದೂ ಮುಂದಕ್ಕೆ ಹೋದವಳಲ್ಲವಲ್ಲ.

ಕಾರ್ಯಕ್ರಮ ನಡೆಸುತ್ತಿದ್ದ ಕಾಂಚನಾ ಓಡಿ ಬಂದಳು. "ಯಾಕಜ್ಜಿ, ಮರ್ತೋಯ್ತಾ?"

"ಇಲ್ಲ ಕಣವ್ವ, ಓಬಕ್ಕ ಇನ್ನೂ ಹಾಡಿಲ್ಲ" ಎಂದುಬಿಟ್ಟೆ. ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. ಮುಂದೆ ಕೂತವರು ನಕ್ಕರು.

"ಆಯಮ್ಮನ್ನೂ ಕರ್ಕಂಬರಬೇಕಿತ್ತು ಅಜ್ಜೀ!" ಎಂದು ಯಾರೋ ಕೂಗಿದರು.

ನಾನೂ ನಕ್ಕೆ. ಆಮೇಲೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ನೀನು ಹಾಡಬೇಕಾದದ್ದನ್ನು ನಾನೇ ಹಾಡಿದೆ. ನಿನ್ನ ಹಾಗೆ ಕೊನೆಯಲ್ಲಿ ದನಿ ಎಳೆಯಲು ಹೋದೆ. ನಿನ್ನಷ್ಟು ಉಸಿರು ಸಾಲದೆ ನಡುವೆಯೇ ನಿಲ್ಲಿಸಿದೆ.

ಹಾಡು ಮುಗಿಯಿತೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು, ಓಬಕ್ಕಾ. ಇನ್ನೂ ಇದೆ ಅಂತ ನಾನು ಹೇಳಲಿಲ್ಲ.