ದೇವರ ಗೂಡಿನ ಎಲೆ-ಅಡಿಕೆ

ಡೋಣಿ
೧೨ ನವೆಂಬರ್ ೨೦೨೫

ಸಿದ್ದಲಿಂಗವ್ವ ಚಿಗವ್ವನಿಗೆ ಕಾವೇರಿಯ ನಮಸ್ಕಾರ.

ಕೊಟ್ರಪ್ಪಕಾಕಾನ ಬಿಡುಗಡೆ ತಪ್ಪಿಸಿದ್ದು ನಮ್ಮ ಬೀರಲಿಂಗಣ್ಣ ಅಲ್ಲ, ನಾನು. ಏಳು ತಿಂಗಳಿನಿಂದ ಇದನ್ನು ಮುಚ್ಚಿಟ್ಟಿದ್ದೇನೆ. ನಮ್ಮ ಮನೆಯ ಪತ್ರ ಎಂದು ಒಲೆಗೆ ಹಾಕಬೇಡಿರಿ, ಪೂರ್ತಿ ಓದಿರಿ.

ಕಾಕಾನ ಬಡಿಗೆಯ ಏಟಿಗೆ ನಮ್ಮಪ್ಪ ಸತ್ತಾಗ ನನಗೆ ಹನ್ನೊಂದು ವರ್ಷ. ನಮ್ಮ ಕುರಿಗಳು ನಿಮ್ಮ ಕಡಲೆ ಹೊಲಕ್ಕೆ ನುಗ್ಗಿದ್ದವು, ಮೊದಲ ತಪ್ಪು ನಮ್ಮದೇ. ಕಾಕಾ ಜೈಲಿಗೆ ಹೋದ, ನೀವು ಶಿರಹಟ್ಟಿಯ ತವರಿಗೆ ಹೋದಿರಿ. ನಾನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಬೆಟಗೇರಿಯ ಮಗ್ಗ, ಮುಂಡರಗಿಯ ಬಟ್ಟೆ ಅಂಗಡಿ ಎಂದು ಅಲೆದೆ. ಎಲ್ಲೂ ಮೂರು ತಿಂಗಳು ನಿಲ್ಲಲಿಲ್ಲ.

ಕಾಕಾನ ಎರಡೂ ಕಿಡ್ನಿ ಕೆಟ್ಟವು. ಕಾಯಿಲೆಯ ಕಾರಣಕ್ಕೆ ಬೇಗ ಬಿಡಬಹುದು, ಆದರೆ ಸತ್ತವನ ಮನೆಯವರನ್ನೂ ಕೇಳುತ್ತಾರೆ ಎಂದು ಗೊತ್ತಾದಾಗ ನೀವು ನಮ್ಮ ಬಾಗಿಲಿಗೆ ಬರಲಿಲ್ಲ. ಮುಂಡರಗಿಯ ಟೇಲರ್ ಜಹಾಂಗೀರಮಾಮಾನ ಹತ್ತಿರ ಹೋದಿರಿ. ಕುಪ್ಪಸದ ಅಳತೆ ಕೊಡುವ ನೆವದಲ್ಲಿ ಒಂದು ದಿನ ನೀವು, ಇನ್ನೊಂದು ದಿನ ನಮ್ಮವ್ವ. ಆರು ತಿಂಗಳು ಮಾತು ಹಾಗೆ ಓಡಾಡಿತು. ಕಡೆಗೆ ಮಾಮಾ ಅಣ್ಣನಿಗೆ, "ಅಂಗಿ ತಡಾ ಆತಂತ ಎರಡೂ ಮನಿಯವರು ನನಗ ಒಂದ ನಮೂನಿ ಬೈತೀರಿ. ಅಷ್ಟರಾಗರ ಒಂದ ಅದೀರಿ ನೋಡಲೇ" ಎಂದನಂತೆ. ಅಣ್ಣ ನಕ್ಕನಂತೆ. ಬಿಡುಗಡೆಗೆ ಅಡ್ಡ ಬರುವುದಿಲ್ಲ ಎಂದು ಆಣೆಯಾಗಿ ನಿಮ್ಮ ಕೈಯಿಂದ ಎಲೆ-ಅಡಿಕೆ ಹಿಡಿದ. ಕಾಕಾ ಮನೆಗೆ ಬಂದ ದಿನ ಅವನೂ ಅಣ್ಣನೂ ಕೂಡಿ ಅದನ್ನು ತಿನ್ನುವುದು, ಅಲ್ಲಿಯವರೆಗೆ ಅದು ನಮ್ಮ ದೇವರ ಗೂಡಿನಲ್ಲಿ ಇರುವುದು ಎಂದು ಮಾತಾಯಿತು.

ನನಗೆ ಇದನ್ನು ಯಾರೂ ಹೇಳಲಿಲ್ಲ. "ಕಾವೇರಿಗಿ ಹೇಳಬ್ಯಾಡ್ರಿ, ಆಕಿ ಬಾಯಾಗ ಮಾತು ನಿಲ್ಲೂದಿಲ್ಲ" ಎಂದು ಅವ್ವನೇ ಅಂದಿದ್ದಳು.

ಗದಗದಿಂದ ಅರ್ಜಿಯ ವಿಚಾರಣೆಗೆ ಅಧಿಕಾರಿ ಮೇಡಂ ಬಂದ ದಿನ ಅಣ್ಣ ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದ. ಕೊಟ್ರಪ್ಪ ಊರಿಗೆ ಬಂದರೆ ಗಲಾಟೆ ಆದೀತೇ ಎಂದು ಕೇಳಿದರು. ಅವ್ವ, "ಏನೂ ಆಗೂದಿಲ್ಲರಿ" ಎಂದಳು. ನಾನು ನಡುವೆ ಬಾಯಿ ಹಾಕಿದೆ: "ಊರಾಗ ಬಂದ್ರ ಕಾಲ ಮುರಿತೇನಿ ಅಂತ ನಮ್ಮಣ್ಣ ಅಂದಾನರಿ." ಸುಳ್ಳಲ್ಲ. ಆದರೆ ಅಣ್ಣ ಹಾಗೆ ಅಂದದ್ದು ಅಪ್ಪನನ್ನು ಮಣ್ಣು ಮಾಡಿದ ದಿನ, ಹದಿನಾರರ ಹುಡುಗನಾಗಿದ್ದಾಗ. ಯಾವಾಗ ಎಂದು ಮೇಡಂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸತ್ತವನ ಮನೆಯವರಿಂದ ಊರಿನ ಶಾಂತಿ ಕೆಡುತ್ತದೆ ಎಂದು ಅರ್ಜಿ ತಿರುಗಿ ಬಂತು. ಅಣ್ಣ ಮಾತು ತಪ್ಪಿದ ಎಂದು ಎಲ್ಲರೂ ನಂಬಿದರು. "ಎಲಿ ಹಿಡದ ಕೈಗೆ ಹುಳಾ ಬೀಳಲಿ" ಎಂದು ನೀವೂ ಹೇಳಿ ಕಳಿಸಿದಿರಿ. ಅವ್ವ ನನ್ನನ್ನು ಉಳಿಸಲು ಸುಮ್ಮನಿದ್ದಳು. ಈಗ ಮದುವೆ ಮನೆಯಲ್ಲಿ ಅಣ್ಣ ಎಲೆ-ಅಡಿಕೆಯ ತಟ್ಟೆ ಹಿಡಿದು ಬಂದರೆ ಯಾರೂ ಕೈ ಚಾಚುವುದಿಲ್ಲ. ತಟ್ಟೆಯನ್ನು ಹಾಗೇ ತಿರುಗಿ ಒಯ್ಯುತ್ತಾನೆ.

ನಿನ್ನೆ ಅವನಿಗೆ ಎಲ್ಲ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. "ನನಗೇನು ಹೇಳ್ತಿ, ಚಿಗವ್ವಗ ಹೇಳು" ಎಂದು ಕುರಿಹಟ್ಟಿಗೆ ಹೋದ.

ಕಾಕಾನಿಗೆ ಈಗ ಎದ್ದು ಕೂರಲೂ ಆಗುವುದಿಲ್ಲ ಎಂದು ಮಾಮಾ ತಿಳಿಸಿದ. ಮತ್ತೆ ಅರ್ಜಿ ಹಾಕಬಹುದಂತೆ. ಕಾಕಾನ ಜೀವ ಇರುವಾಗಲೇ ಅದು ಮುಗಿಯುತ್ತದೆ ಎಂದು ನಿಮಗೆ ಧೈರ್ಯ ಹೇಳಲಾರೆ. ಕ್ಷಮಿಸಿರಿ ಎಂದು ಕೇಳುವ ಮುಖವೂ ನನಗಿಲ್ಲ.

ನಿಮ್ಮ ಅಂಗಳದಲ್ಲಿ ಆಡಿ ಬೆಳೆದ
ಕಾವೇರಿ

ತಾ.ಕ.: ಎಲೆ-ಅಡಿಕೆಯ ವಿಷಯ ಯಾರೂ ಹೇಳಲಿಲ್ಲ ಎಂದು ಮೇಲೆ ಬರೆದೆ. ಹೇಳಲಿಲ್ಲ, ಖರೆ. ಆದರೆ ಮೇಡಂ ಬಂದ ದಿನವೇ ಮುಂಜಾನೆ, ದೀಪ ಹಚ್ಚುವಾಗ ಗೂಡಿನಲ್ಲಿ ಅದನ್ನು ನೋಡಿದ್ದೆ. ಅಣ್ಣ ಅದಕ್ಕೆ ದೇವರ ಭಂಡಾರದ ಅರಿಸಿನ ಹಚ್ಚಿಟ್ಟಿದ್ದ. ಅವ್ವ ಅಷ್ಟು ಸಲ ಟೇಲರ್ ಅಂಗಡಿಗೆ ಹೋದದ್ದು ಯಾಕೆಂದು ಆಗಲೇ ಹೊಳೆಯಿತು. ತಿಳಿದೇ ಹೇಳಿದೆ, ಚಿಗವ್ವ. ನಮ್ಮಪ್ಪ ಬರದ ಊರಿಗೆ ಕಾಕಾ ಬರುವುದು ನನಗೆ ಬೇಡವಾಗಿತ್ತು. ಮೇಡಂ ಮುಂದೆ ಇದನ್ನೂ ಬರೆದುಕೊಡುತ್ತೇನೆ. ನಾಳೆ ಮುಂಜಾನೆಯ ಮೊದಲ ಬಸ್ಸಿಗೆ ಗದಗಕ್ಕೆ ಹೊರಡುತ್ತೇನೆ.